ಎರಡು ತಾಪಮಾನದಿಂದ ಎಂಜಿನ್ ದಕ್ಷತೆ: ಲೆಕ್ಕ ಕೊನೆಗೂ ಕೂಡಿತು

ಬಿಸಿ ತುದಿ, ತಣ್ಣನೆ ತುದಿ ಎರಡರ ತಾಪಮಾನ ಸಿಕ್ಕರೆ ಸಾಕು, ಬ್ರೇಕ್ ಹಾಕಿ ಅಳೆಯುವ ಮೊದಲೇ ಶಾಫ್ಟ್‌ನ ವ್ಯಾಟ್ ಹೇಳುತ್ತೇನೆ ಎಂದಿದ್ದೆ. ಎಂಜಿನ್ ಕಟ್ಟುವ ಗೆಳೆಯರು ಒಪ್ಪಲಿಲ್ಲ. ಎರಡು ತಾಪಮಾನಗಳ ನಡುವೆ ಯಾವುದೇ ಎಂಜಿನ್ ಮುಟ್ಟಬಹುದಾದ ಗರಿಷ್ಠ ದಕ್ಷತೆ ಹೇಳುವ ಕಾರ್ನೋ ಸೂತ್ರ ಪರೀಕ್ಷೆ ಬರೆಯೋಕೆ ಮಾತ್ರ ಅಂದರು. ಈಗ ನನ್ನ ಎರಡನೇ ಸ್ಟರ್ಲಿಂಗ್ (ಒಳಗೆ ಮುಚ್ಚಿಟ್ಟ ಗಾಳಿಯನ್ನು ಹೊರಗಿಂದ ಕಾಯಿಸಿ, ತಣಿಸಿ ಓಡಿಸುವ) ಎಂಜಿನ್‌ಗೆ ಲೆಕ್ಕ 50 ವ್ಯಾಟ್ ಅಂದಿತು, ಹಗ್ಗದ ಬ್ರೇಕ್ 48 ತೋರಿಸಿತು. ಅದಕ್ಕೇ ಬರೆಯುತ್ತಿದ್ದೇನೆ.

ಸೂತ್ರ ಸರಳ: ಎರಡೂ ತಾಪಮಾನವನ್ನು ಕೆಲ್ವಿನ್‌ಗೆ ಬದಲಿಸಿ (ಸೆಲ್ಸಿಯಸ್‌ಗೆ 273 ಕೂಡಿಸಿ), ತಣ್ಣನೆಯದನ್ನು ಬಿಸಿಯದರಿಂದ ಭಾಗಿಸಿ, 1ರಿಂದ ಕಳೆಯುವುದು. ತೊಡಕಿರುವುದು ಯಾವ ಜಾಗದ ತಾಪಮಾನ ಅನ್ನುವುದರಲ್ಲಿ. ಮೊದಲ ಎಂಜಿನ್‌ನ ಬಿಸಿ ಟೋಪಿ (ಹೀಟರ್ ಕಾಯಿಸುವ ಮುಚ್ಚಳ) ಹೊರಗಿಂದ 450 ಡಿಗ್ರಿ ಸೆಲ್ಸಿಯಸ್, ತಂಪು ನೀರು 25. ಕಾರ್ನೋ ಪ್ರಕಾರ ಶೇ. 59. ಹೀಟರ್ ತಿಂದಿದ್ದು ಸುಮಾರು 250 ವ್ಯಾಟ್, ಶಾಫ್ಟ್‌ನಲ್ಲಿ ಬಂದಿದ್ದು 25. ಅಂದರೆ ಶೇ. 10 ಅಷ್ಟೇ!

1975ರಲ್ಲಿ ಭೌತವಿಜ್ಞಾನಿಗಳಾದ ಕರ್ಜನ್ ಮತ್ತು ಆಲ್ಬಾರ್ನ್ ಗರಿಷ್ಠ ಶಕ್ತಿ ಎಳೆಯುವಾಗಿನ ದಕ್ಷತೆಗೆ ವರ್ಗಮೂಲದ ಸೂತ್ರ ಕೊಟ್ಟರು. ಭಾಗಿಸಿ ಬಂದಿದ್ದರ ವರ್ಗಮೂಲವನ್ನು 1ರಿಂದ ಕಳೆಯಬೇಕು. ಇಟಲಿಯ ಲಾರ್ಡೆರೆಲ್ಲೊ ಭೂಶಾಖ ಸ್ಥಾವರಕ್ಕೆ, 250 ಮತ್ತು 80 ಡಿಗ್ರಿ ಇಟ್ಟರೆ, ಅದು ಶೇ. 17.8 ಅನ್ನುತ್ತದೆ. ನಿಜವಾದ್ದು 16. ಎಷ್ಟು ಚೆನ್ನಾಗಿ ಕೂಡುತ್ತದೆ ಅಲ್ವಾ? ನನ್ನ ಎಂಜಿನ್‌ಗೆ ಮಾತ್ರ 36 ಅಂದಿತು.

ಹಾಗಾಗಿ ಒಳಗಿನ ಗಾಳಿಯ ತಾಪಮಾನವನ್ನೇ ಹಿಡಿಯಲು ಹೊರಟೆ. ದುಡ್ಡು ಜಾಸ್ತಿ ಕರಗಿದ್ದು ಇಲ್ಲೇ. ತೆಳು ಥರ್ಮೋಕಪಲ್‌ಗಳು (ಬಿಸಿ ಅಳೆಯುವ ತಂತಿಗಳು) ಗಾಳಿಯನ್ನು ಬಿಸಿ, ತಣ್ಣನೆ ತುದಿಗಳ ನಡುವೆ ದೂಡುವ ಡಿಸ್ಪ್ಲೇಸರ್ ತಾಗಿ ತುಂಡಾದವು. ದಪ್ಪದವು ಗಾಳಿಯದನ್ನು ಬಿಟ್ಟು ಗೋಡೆಯ ಬಿಸಿ ಹೇಳಿದವು. ಇನ್ಫ್ರಾರೆಡ್ ಗನ್ ಹೊಳೆಯುವ ಸ್ಟೀಲ್ ಮೇಲೆ ತೀರಾ ಕಡಿಮೆ ತೋರಿಸುತ್ತದೆ, ಆ ದುಡ್ಡು ಪೂರ್ತಿ ದಂಡ. ಕೊನೆಗೆ ತೆಳು ತಂತಿಯೇ ನಿಂತಿತು. ಅದನ್ನು ಸೋರದಂತೆ ಒಳಗೆ ತೂರಿಸಿದ ಬಗೆಯನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ. ಒಳಗಿನ ಅಂಕಿ ಹತ್ತಿರ ಹತ್ತಿರ 330 ಮತ್ತು 60 ಡಿಗ್ರಿ. ಕಾರ್ನೋ ಈಗ ಶೇ. 45ಕ್ಕೆ ಇಳಿಯಿತು.

ಇನ್ನು ಸೋರುವ ಶಾಖ. ಫ್ಲೈವೀಲ್ ಬಿಗಿದು ನಿಲ್ಲಿಸಿ, ಟೋಪಿಯನ್ನು ಅದೇ ಬಿಸಿಯಲ್ಲಿ ಇಟ್ಟೆ. ಸುಮ್ನೆ ನಿಂತಿದ್ದರೂ ಹೀಟರ್ 110 ವ್ಯಾಟ್ ತಿನ್ನುತ್ತಿತ್ತು! ಹಾಗಾದರೆ ಕೆಲಸಕ್ಕೆ ಸಿಕ್ಕಿದ್ದು 140. ಹೊರಗಿನ ಮೋಟಾರಿನಿಂದ ತಿರುಗಿಸಿದಾಗ ಘರ್ಷಣೆ 15 ವ್ಯಾಟ್ ಬಂತು. ಶಾಫ್ಟ್‌ನ 25 ಸೇರಿಸಿದರೆ 40, ಅಂದರೆ ಶೇ. 29. ಇದು 45ರ ಮೂರರಲ್ಲಿ ಎರಡು ಪಾಲಿಗೆ ಸ್ವಲ್ಪ ಕಡಿಮೆ. ಈ ಅನುಪಾತವನ್ನೇ ಎರಡನೇ ಎಂಜಿನ್‌ಗೆ ಹಾಕಿ, ಅದರದೇ ಸೋರಿಕೆ, ಘರ್ಷಣೆ ಕಳೆದೆ. 50 ಬಂದಿದ್ದು ಹಾಗೆ. ಗಾಳಿ ಹಾದುಹೋಗುವಾಗ ಶಾಖ ಹಿಡಿದಿಟ್ಟು ಮರಳಿ ಕೊಡುವ ರೀಜನರೇಟರ್ ಜಾಲರಿಯನ್ನು ಬೇರೆ ಥರ ತುಂಬಿದರೆ ಅನುಪಾತ ಬದಲಾಗುತ್ತದೆ. ನಾನು ತುಂಬುವ ಕ್ರಮವನ್ನೂ ಈಗಲೇ ಹೇಳಲ್ಲ.

ನಡುವೆ ನೀರಿಗೆ ಐಸ್ ಹಾಕಿ ನೋಡಿದೆ. 600 ಮತ್ತು 300 ಕೆಲ್ವಿನ್ ಇದ್ದಾಗ ಬಿಸಿಯನ್ನು 10 ಏರಿಸಿದರೆ ಕಾರ್ನೋ 50ರಿಂದ 50.8ಕ್ಕೆ ಹೋಗುತ್ತದೆ. ತಣ್ಣನೆಯದನ್ನು 10 ಇಳಿಸಿದರೆ 51.7. ಎಂಜಿನ್ ಕೂಡ ಹಾಗೇ ನಡೆದುಕೊಂಡಿತು, ನನಗಂತೂ ತುಂಬಾ ಖುಷಿಯಾಯಿತು. ಹೀಲಿಯಂ ಕೂಡ ತುಂಬಿಸಿದೆ. ಯಾವ ಅನಿಲ ಅಂತ ಸೂತ್ರ ಕೇಳುವುದಿಲ್ಲ. ಆದರೆ ಹೀಲಿಯಂ ಶಾಖವನ್ನು ಬೇಗ ದಾಟಿಸುತ್ತದೆ. ಒಳಗಿನ ಎರಡೂ ತಾಪಮಾನ ಗೋಡೆಗಳ ಹತ್ತಿರಕ್ಕೆ ಸರಿದವು, ವ್ಯಾಟ್ ಏರಿತು. ದುಬಾರಿ, ಮೇಲಾಗಿ ಸೀಲ್‌ನಲ್ಲಿ ಬೇಗ ಸೋರುತ್ತದೆ, ಅದಕ್ಕೆ ಬಿಟ್ಟೆ. ಉಳಿದ ದುಡ್ಡನ್ನು ತಣ್ಣನೆ ತುದಿಯ ರೆಕ್ಕೆಗಳಿಗೆ ಹಾಕುತ್ತಿದ್ದೇನೆ. ಒಳಗಿನ 60ನ್ನು 45ಕ್ಕೆ ತರಬೇಕು.