ಅಟ್ಟದ ಡಬ್ಬಿಯಿಂದ ಶುರು ಮಾಡಿ

ಹಳೇ ನಾಣ್ಯ ಸಿಕ್ಕಿದ ಕೂಡಲೇ ಉಜ್ಜಬೇಡಿ. ನಾನು ಉಜ್ಜಿದ್ದೆ. ಶಿರಸಿಯ ನಮ್ಮ ಮನೆ ಅಟ್ಟದಲ್ಲಿ, ಅಜ್ಜಿಯ ಎಲೆ-ಅಡಿಕೆ ಡಬ್ಬಿಯೊಳಗೆ ಮೂರು ತೂತಿನ ಕಾಸು ಇದ್ದವು. 1943ರಿಂದ 1947ರವರೆಗೆ ಟಂಕಿಸಿದ ಒಂದು ಪೈಸೆ ಅವು. ಹುಣಸೆಹುಳಿ ಹಚ್ಚಿ ತಿಕ್ಕಿದೆ, ಫಳಫಳ ಹೊಳೆದವು. ಅಲ್ಲಿಗೆ ಅವುಗಳ ಬೆಲೆಯೂ ಹೋಯಿತು! ಸಂಗ್ರಹಕಾರರಿಗೆ ಬೇಕಾದದ್ದು ಆ ಹಳೇ ಕಂದು ಬಣ್ಣವೇ. ಅಂಚಿನಲ್ಲಿ ಹಿಡಿಯಿರಿ, ಸಾಕು.

ಬೆಳ್ಳಿ ರೂಪಾಯಿ ಅಂತ ಯಾರಾದರೂ ಕೊಟ್ಟರೆ ಅಯಸ್ಕಾಂತ ಹಿಡಿದು ನೋಡಿ. ಬೆಳ್ಳಿ ಅಂಟುವುದಿಲ್ಲ. ಆದರೆ 1947ರ ರೂಪಾಯಿ ಅಂಟಿದರೆ ನಕಲಿ ಅನ್ನಬೇಡಿ, ಅದು ನಿಕ್ಕಲ್‌ನದೇ. ವಿಕ್ಟೋರಿಯಾ ರೂಪಾಯಿ ತೂಗಿದರೆ ಸುಮಾರು 11.66 ಗ್ರಾಂ ಬರಬೇಕು. ಸವೆದಿದ್ದರೆ ಸ್ವಲ್ಪ ಕಡಿಮೆ. ಕಾರವಾರದ ಕಡೆ ಹುಡುಕುವವರು ಪೋರ್ಚುಗೀಸ್ ನಾಣ್ಯದ ಮೇಲೂ ಕಣ್ಣಿಡಿ. 1961ರವರೆಗೆ ಗೋವಾ ಅವರದೇ ಆಗಿತ್ತಲ್ವಾ.

ನಮ್ಮೂರಲ್ಲಿ ದೊಡ್ಡ ಶತ್ರು ಮಳೆ. ಹಳೇ ಪತ್ರಿಕೆಯನ್ನು ಮಡಚದೆ, ಆಮ್ಲವಿಲ್ಲದ ಕಾಗದದ ನಡುವೆ ಚಪ್ಪಟೆಯಾಗಿ ಇಡಿ. ಸೆಲ್ಲೋಟೇಪ್ ಬೇಡವೇ ಬೇಡ. ಪಟಗಳನ್ನು ಹೊರಗೋಡೆಗೆ ತೂಗುಹಾಕಿದರೆ ಆಷಾಢದಲ್ಲಿ ಬೂಸಲು ಗ್ಯಾರಂಟಿ. ನಾಣ್ಯಕ್ಕೆ ಪಿವಿಸಿ ಎಂಬ ಮೆದು ಪ್ಲಾಸ್ಟಿಕ್‌ನ ಕವರೂ ಆಗದು, ಹಸಿರು ಜಿಗುಟು ಬರುತ್ತದೆ.

ತೋಟ ಅಗೆಯುವಾಗ ನಿಧಿ ಸಿಕ್ಕಿತೇ? ಸುಮ್ನೆ ಮುಚ್ಚಿಡಬೇಡಿ. ನಿಧಿ ಕಾಯ್ದೆ ಪ್ರಕಾರ ಜಿಲ್ಲಾಧಿಕಾರಿಗೆ ತಿಳಿಸಬೇಕು. ನೂರು ವರ್ಷ ದಾಟಿದ ನಾಣ್ಯವನ್ನು ಅನುಮತಿಯಿಲ್ಲದೆ ವಿದೇಶಕ್ಕೂ ಕಳಿಸುವಂತಿಲ್ಲ.

ಸಿಕ್ಕ ದಿನವೇ ಒಂದು ಚೀಟಿಯಲ್ಲಿ ಬರೆದಿಡಿ: ಯಾರ ಮನೆ, ಯಾವ ಡಬ್ಬಿ. ನನ್ನ ಚೀಟಿಯಲ್ಲಿ 'ಅಜ್ಜಿ, ಸುಣ್ಣದ ಕಲೆ ಇದೆ' ಎಂದಿದೆ.