ದುಡಿಯ ಬೆನ್ನು ಹಿಡಿದು: ಏಳನೇ ತರಗತಿಯಲ್ಲಿ ಒಂದು ಕಾದಂಬರಿ

ಜೂನ್ 19ರ ವಾಚನಾ ದಿನಕ್ಕೆ ಕಾಸರಗೋಡಿನ ಶಾಲೆಗಳಲ್ಲಿ ಪುಸ್ತಕ ಪ್ರದರ್ಶನ, ಪ್ರತಿಜ್ಞೆ, ರಸಪ್ರಶ್ನೆ ಎಲ್ಲವೂ ನಡೆಯುತ್ತವೆ. ವಾರ ಕಳೆದರೆ ಪುಸ್ತಕ ಮತ್ತೆ ಕಪಾಟಿಗೆ. ಆ ವಾರದಲ್ಲೇ ಶುರುಮಾಡಿ, ಮೊದಲ ಅವಧಿಯ ಓಣಂ ಪರೀಕ್ಷೆಯೊಳಗೆ ಒಂದು ಇಡೀ ಕಾದಂಬರಿಯನ್ನು ಕನ್ನಡ ಮಾಧ್ಯಮದ ಏಳನೇ ತರಗತಿಯಲ್ಲಿ ಓದಿ ಮುಗಿಸುವ ಕ್ರಮ ಇದು. ನಾನು ಬಳಸುವ ಪುಸ್ತಕ 1933ರ ‘ಚೋಮನ ದುಡಿ’, ಶಿವರಾಮ ಕಾರಂತರದ್ದು. ಸ್ವಂತ ಬೇಸಾಯಕ್ಕೆ ಆಸೆಪಟ್ಟರೂ ಅಸ್ಪೃಶ್ಯನೆಂಬ ಕಾರಣಕ್ಕೆ ಭೂಮಿ ಸಿಗದ ಆಳು ಚೋಮ, ಅವನು ಬಾರಿಸುವ ದುಡಿ ಎಂಬ ಚರ್ಮವಾದ್ಯ, ಇವುಗಳ ಕತೆ ಅದು.

ನಮ್ಮ ಜಿಲ್ಲೆಯದೇ ಕತೆ ಬೇಕೆಂದರೆ ಕಯ್ಯೂರಿನ ರೈತ ಹೋರಾಟದ ಮೇಲೆ ನಿರಂಜನರು ಬರೆದ ‘ಚಿರಸ್ಮರಣೆ’ ಇದೆಯಲ್ಲ ಎನ್ನಬಹುದು. ನಿಜ. ಆದರೆ ಅದು ದೊಡ್ಡ ಪುಸ್ತಕ. 1943ರಲ್ಲಿ ಕಣ್ಣೂರು ಜೈಲಿನಲ್ಲಿ ನಾಲ್ವರನ್ನು ಗಲ್ಲಿಗೇರಿಸಿದ ಹಿನ್ನೆಲೆ, ಜನ್ಮಿ (ಜಮೀನ್ದಾರಿ) ಪದ್ಧತಿ, ಆಗಿನ ರಾಜಕೀಯ ಇಷ್ಟನ್ನೂ ಮೊದಲು ಹೇಳಿಕೊಡಬೇಕು. ಅದು ಒಂಬತ್ತನೇ ತರಗತಿಯ ಕೆಲಸ. ‘ಚೋಮನ ದುಡಿ’ ಸಣ್ಣದು, ಪಾತ್ರಗಳು ಬೆರಳೆಣಿಕೆಯಷ್ಟು, ಮತ್ತು ಕತೆಯ ಊರು ಇಲ್ಲಿನ ಮಕ್ಕಳಿಗೆ ಪರಕೀಯವಲ್ಲ. ಪುಸ್ತಕ ಬಂದಾಗ ಕಾಸರಗೋಡು ಮದ್ರಾಸ್ ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕಾಗಿತ್ತು. ಭೂತ, ಧಣಿ, ಒಕ್ಕಲು, ಘಟ್ಟದ ತೋಟಕ್ಕೆ ಕೂಲಿಗೆ ಹೋಗುವುದು ಇವಕ್ಕೆಲ್ಲ ಅಡಿಟಿಪ್ಪಣಿ ಬೇಡ. ಮನೆಯ ಅಜ್ಜಿಯೇ ಸಾಕು.

ಸಮಯದ ಲೆಕ್ಕ ಮೊದಲೇ ಹಾಕಿಕೊಳ್ಳಬೇಕು. ಏಳನೆಯ ತರಗತಿಯ ಮಗು ಗಟ್ಟಿಯಾಗಿ ಓದಿದರೆ ಒಂದು ಪುಟಕ್ಕೆ ಮೂರು ನಿಮಿಷ ಬೇಕು. ಮನೆಯಲ್ಲಿ ಮಲಯಾಳ ಮಾತಾಡುವ ಮಗುವಿಗೆ ನಾಲ್ಕೂವರೆ. 40 ನಿಮಿಷದ ಪೀರಿಯಡ್‌ನಲ್ಲಿ ನಾಲ್ಕೈದು ಪುಟ ಓದಿಸಿ, ಉಳಿದ ಹೊತ್ತು ಮಾತಿಗೆ ಬಿಡುತ್ತೇನೆ. ಇನ್ನು ನಾಲ್ಕು ಪುಟ ಮನೆಗೆ. ವಾರಕ್ಕೆ ಮೂರು ಪೀರಿಯಡ್ ಸಿಕ್ಕರೆ ಐದು ವಾರದಲ್ಲಿ ಪುಸ್ತಕ ಮುಗಿಯುತ್ತದೆ. ಆದರೆ ಯೋಜನೆಯಲ್ಲಿ ಬರೆಯುವುದು ಏಳು ವಾರ ಎಂದು. ಜೂನ್–ಜುಲೈ ತಿಂಗಳಲ್ಲಿ ಕಲೆಕ್ಟರರ ಮಳೆ ರಜೆ ಯಾವಾಗ ಬರುತ್ತದೆಂದು ಯಾರಿಗೂ ಹೇಳಲಾಗದು. ರಜೆಯ ಮರುದಿನ ಹಿಂದಿನ ಎರಡು ಪುಟವನ್ನು ಮತ್ತೆ ಓದಿಸದೆ ಮುಂದೆ ಹೋದರೆ ಅರ್ಧ ತರಗತಿ ದಾರಿ ತಪ್ಪಿರುತ್ತದೆ.

24 ಮಕ್ಕಳಿದ್ದರೆ ನಾಲ್ವರಂತೆ ಆರು ಗುಂಪು, ಗುಂಪಿಗೆ ಒಂದು ಪ್ರತಿ. ಪ್ರತಿ ಗುಂಪಿನಲ್ಲೂ ಮನೆಯಲ್ಲಿ ತುಳು ಮಾತಾಡುವ ಒಬ್ಬರಾದರೂ ಇರಬೇಕು. ಚರ್ಚೆ ಯಾವ ಭಾಷೆಯಲ್ಲಾದರೂ ಇರಲಿ, ಬರೆಯುವುದು ಕನ್ನಡದಲ್ಲಿ. ಗ್ರಂಥಾಲಯದಿಂದಲೂ ಮನೆಗಳಿಂದಲೂ ಪುಸ್ತಕ ಒಟ್ಟುಮಾಡಿದಾಗ ಆವೃತ್ತಿಗಳು ಬೇರೆಬೇರೆ ಬರುತ್ತವೆ, ಪುಟಸಂಖ್ಯೆ ಹೊಂದುವುದಿಲ್ಲ. ಒಬ್ಬ 31 ಎಂದರೆ ಇನ್ನೊಬ್ಬ 38 ಎನ್ನುತ್ತಾನೆ, ಪೀರಿಯಡ್ ಅದರಲ್ಲೇ ಮುಗಿಯುತ್ತದೆ. ಇದಕ್ಕೆ ಪರಿಹಾರ ಸುಲಭ: ಪುಟದ ಬದಲು ಆ ಪ್ಯಾರಾದ ಮೊದಲ ಮೂರು ಪದ ಬರೆಯುವುದು. ಯಾವ ಪ್ರತಿಯಲ್ಲಿ ಹುಡುಕಿದರೂ ಸಿಗುತ್ತದೆ.

ಇನ್ನು ವಿಶ್ಲೇಷಣೆ. “ಮುಖ್ಯ ಪಾತ್ರ ಯಾರು? ಕಥಾವಸ್ತು ಏನು? ನಿಮ್ಮ ಅಭಿಪ್ರಾಯವೇನು?” ಎಂದು ಕೇಳುವ ಮಾಮೂಲಿ ಪತ್ರಿಕೆಯನ್ನು ನಾನು ಕೈಬಿಟ್ಟಿದ್ದೇನೆ. ಅದಕ್ಕೆ ಬರುವ ಉತ್ತರ ಮೊಬೈಲಿನಿಂದ ಇಳಿಸಿದ ಕಥಾಸಾರ. ಅದರ ಬದಲು ಇಡೀ ಪುಸ್ತಕದುದ್ದಕ್ಕೂ ಒಂದೇ ವಸ್ತುವಿನ ಬೆನ್ನು ಹಿಡಿಯಬೇಕು. ಇಲ್ಲಿ ಆ ವಸ್ತು ದುಡಿ. ನೋಟ್‌ಬುಕ್ಕಿನ ಎದುರುಬದುರಾದ ಎರಡು ಪುಟಗಳಲ್ಲಿ ಐದು ಕಲಂ: ದುಡಿ ಎಲ್ಲಿ ಕೇಳಿತು (ಮೊದಲ ಮೂರು ಪದ), ಅದಕ್ಕೆ ಸ್ವಲ್ಪ ಮೊದಲು ಏನಾಯಿತು, ಯಾರು ಕೇಳಿಸಿಕೊಂಡರು, ಚೋಮ ಆಗ ಬಾಯಿಬಿಟ್ಟು ಏನಾದರೂ ಹೇಳಿದನೇ, ಕೊನೆಯದು ‘ನನ್ನ ಊಹೆ’. ಮೊದಲ ನಾಲ್ಕು ಕಲಂಗಳನ್ನು ಓದಿದ ದಿನವೇ ತುಂಬಬೇಕು. ಐದನೆಯದು ಪುಸ್ತಕ ಮುಗಿಯುವವರೆಗೆ ಖಾಲಿ. ಮೊದಲೇ ತುಂಬಲು ಬಿಟ್ಟರೆ ಎಲ್ಲ ಸಾಲಲ್ಲೂ “ದುಃಖ” ಎಂದು ಬರೆದು ಕೈತೊಳೆದುಕೊಳ್ಳುತ್ತಾರೆ. ಕೊನೆಗೆ ಪಟ್ಟಿಯನ್ನು ಮೇಲಿಂದ ಕೆಳಗೆ ಓದಿದಾಗ ಸಂತೋಷಕ್ಕೂ ಅದೇ ದುಡಿ, ಸಿಟ್ಟಿಗೂ ಅದೇ, ಸಂಕಟಕ್ಕೂ ಅದೇ ಎಂಬುದು ಅವರಿಗೇ ಕಾಣುತ್ತದೆ. ನಾಲ್ಕನೆಯ ಕಲಂನಲ್ಲಿ ಖಾಲಿ ಮನೆಗಳು ಎಷ್ಟಿವೆ ಎಣಿಸಿರಿ ಎಂದರೆ ಮುಂದಿನ ಮಾತು ತಾನಾಗಿ ಬರುತ್ತದೆ: ಬಾಯಲ್ಲಿ ಹೇಳಲಾಗದ್ದನ್ನು ಚೋಮ ಬಾರಿಸಿ ಹೇಳುತ್ತಾನೆ. ‘ಸಂಕೇತ’ ಎಂಬ ಪದವನ್ನು ಬೋರ್ಡಿನಲ್ಲಿ ಬರೆಯುವುದು ಆಮೇಲೆ. ಅದಕ್ಕಿಂತ ಮೊದಲು ಬರೆದರೆ ಎತ್ತು, ನೇಗಿಲು, ನದಿ, ಕಾಡು ಎಲ್ಲವೂ ಒಟ್ರಾಶಿ ಸಂಕೇತವಾಗಿಬಿಡುತ್ತವೆ.

ಪಾತ್ರಗಳ ವಿಷಯದಲ್ಲಿ ಒಂದೇ ನಿಯಮ: ವಿಶೇಷಣ ಬೇಡ, ಕ್ರಿಯಾಪದ ಬೇಕು. ಚೋಮನ ಧಣಿಯ ಬಗ್ಗೆ “ಸಂಕಪ್ಪಯ್ಯ ಒಳ್ಳೆಯವರು” ಎಂದು ಬರೆದರೆ ಅಂಕ ಇಲ್ಲ. ಅವರು ಏನು ಮಾಡಿದರು, ಏನು ಮಾಡದೆ ಬಿಟ್ಟರು? ಚೋಮನಿಗೆ ಭೂಮಿ ಕೊಡುವ ಮನಸ್ಸು ಅವರಿಗೆ ಬರುತ್ತದೆ, ತಾಯಿ ಒಪ್ಪುವುದಿಲ್ಲ, ಅವರು ತಾಯಿಯ ಮಾತು ಮೀರುವುದಿಲ್ಲ. ಈ ಮೂರು ವಾಕ್ಯದಲ್ಲಿ ಇರುವಷ್ಟು ವಿಶ್ಲೇಷಣೆ ಮೂರು ಪುಟದ ಸ್ವಭಾವ ಚಿತ್ರಣದಲ್ಲೂ ಇರುವುದಿಲ್ಲ.

ಪ್ರತಿ ವರ್ಷವೂ ಎದುರಾಗುವ ಒಂದು ತಪ್ಪು ತೀರ್ಮಾನವಿದೆ. “ಚೋಮ ಕುಡಿದು ಹಾಳಾದ, ಕುಡಿತ ಕೆಟ್ಟದ್ದು.” ಮಕ್ಕಳು ಇಲ್ಲಿಗೆ ಬರುವುದಕ್ಕೆ ಕಾರಣವಿದೆ: ಚೋಮ ಕಳ್ಳು ಕುಡಿಯುವುದು ಪುಸ್ತಕದಲ್ಲಿ ಸ್ಪಷ್ಟವಾಗಿ ಇದೆ, ಮತ್ತು ಪಾಠದ ಕೊನೆಗೆ ಒಂದು ನೀತಿ ಬರೆಯುವುದು ಚಿಕ್ಕ ತರಗತಿಯಿಂದ ಆದ ಅಭ್ಯಾಸ. “ತಪ್ಪು” ಎಂದು ಕೆಂಪು ಗೆರೆ ಎಳೆದರೆ ಪ್ರಯೋಜನವಿಲ್ಲ. ಒಂದು ಪ್ರಶ್ನೆ ಹಾಕಬೇಕು: ಕುಡಿಯದೇ ಇದ್ದಿದ್ದರೆ ಅವನಿಗೆ ಭೂಮಿ ಸಿಗುತ್ತಿತ್ತೇ? ಆಗ ಗುಂಪು ಮತ್ತೆ ಸಂಕಪ್ಪಯ್ಯನ ತಾಯಿಯ ಮಾತಿಗೆ ಹೋಗಬೇಕಾಗುತ್ತದೆ. ಅಲ್ಲಿ ಅಡ್ಡ ಬಂದದ್ದು ಕುಡಿತವಲ್ಲ, ಜಾತಿ. ಹಾಗೆಯೇ ಚೋಮನ ಮಗ ನೀಲ ಹೊಳೆಯಲ್ಲಿ ಮುಳುಗುವ ಭಾಗ: ದಡದಲ್ಲಿ ಜನ ಇದ್ದರೂ ಹುಡುಗ ಸತ್ತದ್ದೇಕೆ? ಇದಕ್ಕೆ ವಿವರಣೆ ಬೇಡ. ಗಟ್ಟಿಯಾಗಿ ಓದಿ ಎರಡು ನಿಮಿಷ ಸುಮ್ಮನಿದ್ದರೆ ಸಾಕು.

ಜಾತಿಯ ಹೆಸರುಗಳು ಪುಸ್ತಕದಲ್ಲಿ ನೇರವಾಗಿಯೇ ಬರುತ್ತವೆ. ಅವನ್ನು ಹಾರಿಸಿ ಓದಿದರೆ ಕಾದಂಬರಿಯೇ ಉಳಿಯುವುದಿಲ್ಲ. ಎಚ್ಚರಿಕೆ ಇಲ್ಲದೆ ಓದಿಸಿದರೆ ಮಧ್ಯಾಹ್ನ ಊಟದ ಸಾಲಿನಲ್ಲಿ ಅದೇ ಪದ ಬೈಗುಳವಾಗಿ ಕೇಳುತ್ತದೆ. ಪದ ಮೊದಲು ಬಂದ ದಿನವೇ ಓದು ನಿಲ್ಲಿಸಿ ಹೇಳುತ್ತೇನೆ: ಇದು 1933ರ ಪುಸ್ತಕ ಆಗಿನ ಸಮಾಜವನ್ನು ತೋರಿಸಲು ಬಳಸಿದ ಮಾತು, ನಾವು ಒಬ್ಬರನ್ನೊಬ್ಬರು ಕರೆಯಲು ಇರುವ ಮಾತಲ್ಲ, ಹಾಗೆ ಕರೆಯುವುದು ಕಾನೂನಿನಲ್ಲೂ ಅಪರಾಧ. ಆ ಭಾಗಗಳನ್ನು ಮಕ್ಕಳಿಂದ ಓದಿಸದೆ ನಾನೇ ಓದುತ್ತೇನೆ. “ನಿಮ್ಮ ಮನೆಯವರು ಮೊದಲು ಧಣಿಗಳೋ, ಒಕ್ಕಲೋ, ಆಳುಗಳೋ ಕೇಳಿ ಬನ್ನಿ” ಎಂಬ ಮನೆಗೆಲಸವನ್ನು ಖಂಡಿತ ಕೊಡಬಾರದು. ತರಗತಿಯಲ್ಲಿ ಮೂರೂ ಬಗೆಯ ಮನೆಗಳ ಮಕ್ಕಳು ಒಂದೇ ಬೆಂಚಿನಲ್ಲಿ ಕೂತಿರುತ್ತಾರೆ. ಗೇಣಿ ಪದ್ಧತಿ ಕೇರಳದಲ್ಲಿ 1970ರ ಜನವರಿ 1ರಿಂದ ರದ್ದಾಯಿತು ಎಂಬುದನ್ನು ನಾನೇ ಹೇಳಿ, ಚೋಮ ಅದಕ್ಕಿಂತ ಎಷ್ಟು ವರ್ಷ ಹಿಂದಿನವನು ಎಂಬ ಕಳೆಯುವ ಲೆಕ್ಕ ಮಾತ್ರ ಮಕ್ಕಳಿಗೆ.

ಚೋಮನ ಮಗಳು ಬೆಳ್ಳಿಯ ಭಾಗ ಇನ್ನೂ ಸೂಕ್ಷ್ಮ. ಪಿಟಿಎ (ಪೋಷಕ-ಶಿಕ್ಷಕರ ಸಂಘ) ಸಭೆಯಲ್ಲಿ ಮೊದಲೇ ತಿಳಿಸಿ, ಆ ಪುಟಗಳನ್ನು ಮನೆ ಓದಿಗೆ ಕೊಡುವುದಿಲ್ಲ. ಹನ್ನೆರಡು ವರ್ಷದ ಮಕ್ಕಳಿಗೆ ಇಷ್ಟು ಹೇಳಿದರೆ ಸಾಕು: ಸಾಲ ತೀರಿಸಲು ತೋಟಕ್ಕೆ ಹೋದ ಹುಡುಗಿಗೆ ಅಧಿಕಾರ ಇರುವವರಿಂದ ಅನ್ಯಾಯವಾಯಿತು, ಬೇಡ ಎನ್ನುವ ಶಕ್ತಿ ಅವಳ ಕೈಯಲ್ಲಿ ಇರಲಿಲ್ಲ. “ಬೆಳ್ಳಿ ತಪ್ಪು ಮಾಡಿದಳು” ಎಂಬ ವಾಕ್ಯ ನೋಟ್‌ಬುಕ್ಕಿನಲ್ಲಿ ಕಂಡರೆ ಅದನ್ನು ಹಾಗೇ ಬಿಡಬಾರದು.

ನಕ್ಷೆ ಬರೆಸುವುದು ಬೇಗ ಆಗುವ ಕೆಲಸ. ಗುಡಿಸಲು, ಧಣಿಯ ಮನೆ, ಹೊಳೆ, ಕಾಡು, ಘಟ್ಟದ ಕಾಫಿ ತೋಟ. ಯಾರು ಎಲ್ಲಿಗೆ ಹೋದರು ಎಂದು ಬಣ್ಣದ ಬಾಣಗಳು. ಚೋಮನ ಮಕ್ಕಳಲ್ಲಿ ಚನಿಯ ಜ್ವರ ಹೊತ್ತು ಮರಳಿದ ಬಾಣ, ಗುರುವ ಮರಳದೆ ಉಳಿದ ಬಾಣ ಎರಡನ್ನೂ ಹಾಕಿದರೆ ಮನೆ ಖಾಲಿಯಾಗುವುದು ಕಣ್ಣಿಗೆ ಕಾಣುತ್ತದೆ.

1975ರಲ್ಲಿ ಬಿ. ವಿ. ಕಾರಂತರು ಇದನ್ನು ಸಿನಿಮಾ ಮಾಡಿದ್ದಾರೆ, ಅತ್ಯುತ್ತಮ ಚಿತ್ರಕ್ಕೆ ಕೊಡುವ ರಾಷ್ಟ್ರಪ್ರಶಸ್ತಿ ಸ್ವರ್ಣಕಮಲವೂ ಬಂದಿದೆ. ಪುಸ್ತಕ ಮುಗಿಯುವ ಮೊದಲು ತೋರಿಸಿದರೆ ಓದು ಅಲ್ಲಿಗೇ ನಿಲ್ಲುತ್ತದೆ, ಆದ್ದರಿಂದ ಆಮೇಲೆ, ಅದೂ ಆಯ್ದ ಹತ್ತು ನಿಮಿಷ ಮಾತ್ರ. ಕಣ್ಣುಮುಚ್ಚಿ ದುಡಿಯ ಸದ್ದು ಕೇಳಿಸಿದರೂ ಆದೀತು.

ಕೊನೆಯ ಬರಹ ಒಂದೇ ಪುಟ, 150 ಪದ. ಒಂದು ಅಭಿಪ್ರಾಯ, ಅದಕ್ಕೆ ಪುಸ್ತಕದಿಂದ ಮೂರು ಆಧಾರ, ಪ್ರತಿ ಆಧಾರಕ್ಕೂ ಮೊದಲ ಮೂರು ಪದದ ಗುರುತು. 20 ಅಂಕದಲ್ಲಿ ದುಡಿ ಪಟ್ಟಿಗೆ 8, ಆಧಾರಗಳಿಗೆ 6, ನಕ್ಷೆಗೆ 3, ಭಾಷೆಗೆ 3. ಭಾಷೆಗೆ ಅಂಕ ಕಡಿಮೆ ಇಟ್ಟದ್ದು ಬೇಕೆಂದೇ. ಇಲ್ಲವಾದರೆ ಒತ್ತಕ್ಷರ ಸರಿ ಇರುವವನೇ ಗೆಲ್ಲುತ್ತಾನೆ. ಆದರೂ ಒಂದು ಪದದ ಮೇಲೆ ಕಣ್ಣಿಡಬೇಕು. ಮಲಯಾಳ ಮನೆಮಾತಿನ ಮಕ್ಕಳು “ಚೋಮನಿಗೆ ಭೂಮಿಯ ಅವಕಾಶ ಇರಲಿಲ್ಲ” ಎಂದು ಬರೆಯುತ್ತಾರೆ. ಮಲಯಾಳದಲ್ಲಿ ಅವಕಾಶ ಎಂದರೆ ಹಕ್ಕು. ಕನ್ನಡದಲ್ಲಿ ಹಾಗಲ್ಲ. ಇದಕ್ಕೆ ಅಂಕ ಕಳೆಯದೆ ಎರಡೂ ಪದವನ್ನು ಬೋರ್ಡಿನಲ್ಲಿ ಬರೆದು, ಚೋಮನಿಗೆ ಇಲ್ಲದ್ದು ಅವಕಾಶವೋ ಹಕ್ಕೋ ಎಂದು ಕೇಳುತ್ತೇನೆ. ಆ ಪೀರಿಯಡ್‌ಗೆ ಬೇರೆ ಪಾಠ ಇಟ್ಟುಕೊಳ್ಳಬಾರದು, ಗಂಟೆ ಹೊಡೆದರೂ ಚರ್ಚೆ ಮುಗಿದಿರುವುದಿಲ್ಲ.