ಪೆನ್ಸಿಲ್ ಗುರುತು ಅಳಿಸಬೇಡಿ: ಹಳೆಯ ಸ್ಪೀಡ್‌ವೇ ಸವಾರರ ನೆನಪಿನ ವಸ್ತು ಕೂಡಿಡುವ ಬಗೆ

ಹಳೆಯ ಸ್ಪೀಡ್‌ವೇ ಪ್ರೋಗ್ರಾಮ್, ಅಂದರೆ ಈ ಮೋಟಾರ್ ಬೈಕ್ ಪಂದ್ಯದ ದಿನ ಮಾರುತ್ತಿದ್ದ ಓಟಗಳ ಪಟ್ಟಿಯ ಪುಸ್ತಿಕೆ, ಕೈಗೆ ಬಂದ ಕೂಡಲೇ ಹೊಸಬರು ರಬ್ಬರ್ ಹುಡುಕುತ್ತಾರೆ. ಒಳಪುಟದ ಚೌಕಗಳಲ್ಲಿ ಯಾರೋ ಪೆನ್ಸಿಲ್ಲಿನಲ್ಲಿ 3, 2, 1, 0 ಎಂದು ಗೀಚಿರುತ್ತಾರೆ, ಅದನ್ನು ಅಳಿಸಿದರೆ ಬೆಲೆ ಏರೀತು ಎಂಬ ಆಸೆ. ಆದರೆ ಈ ಸಂಗ್ರಹದಲ್ಲಿ ಆ ಗೀಚುಗಳೇ ನಿಜವಾದ ಮಾಲು. ಆ ರಾತ್ರಿ ಕ್ರೀಡಾಂಗಣದಲ್ಲಿ ಕೂತಿದ್ದ ಒಬ್ಬ ಪ್ರೇಕ್ಷಕ ಒಂದೊಂದು ಓಟ ಮುಗಿದಂತೆ ಬರೆದಿಟ್ಟ ಲೆಕ್ಕ ಅದು. ಅಳಿಸಿಬಿಟ್ಟರೆ ಉಳಿಯುವುದು ಜಾಹೀರಾತು ತುಂಬಿದ ಕಾಗದ.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಮೊಟ್ಟೆಯಾಕಾರದ ಮಣ್ಣಿನ ಇಲ್ಲವೇ ಬೂದಿಕಿಟ್ಟದ ಟ್ರ್ಯಾಕು, ನಾಲ್ಕು ಸವಾರರು, ನಾಲ್ಕು ಸುತ್ತು, ತಿರುವೆಲ್ಲ ಎಡಕ್ಕೆ. ಬೈಕಿಗೆ ಬ್ರೇಕಿಲ್ಲ, ಇರುವುದು ಒಂದೇ ಗೇರು. ಗೆದ್ದವನಿಗೆ 3 ಅಂಕ, ಆಮೇಲಿನವರಿಗೆ 2 ಮತ್ತು 1, ಕೊನೆಯವನಿಗೆ ಸೊನ್ನೆ. ಆಸ್ಟ್ರೇಲಿಯಾದ ವೆಸ್ಟ್ ಮೇಟ್‌ಲ್ಯಾಂಡಿನಲ್ಲಿ 1923ರ ಡಿಸೆಂಬರ್ 15ರಂದು ಜಾನಿ ಹಾಸ್ಕಿನ್ಸ್ ನಡೆಸಿದ ಪಂದ್ಯವೇ ಈ ಆಟದ ಹುಟ್ಟು ಎಂಬ ಮಾತು ಬಲವಾಗಿದೆ, ಒಪ್ಪದವರೂ ಇದ್ದಾರೆ. ಇಂಗ್ಲೆಂಡಿನಲ್ಲಿ ಇದಕ್ಕೆ ಜನ ಮುಗಿಬಿದ್ದದ್ದು 1928ರ ಫೆಬ್ರವರಿ 19ರ ಭಾನುವಾರ, ಎಪ್ಪಿಂಗ್ ಕಾಡಿನ ಹೈ ಬೀಚ್‌ನಲ್ಲಿ, ಕಿಂಗ್ಸ್ ಓಕ್ ಎಂಬ ಪಬ್ಬಿನ ಹಿಂದಿನ ಟ್ರ್ಯಾಕಿನಲ್ಲಿ. ಅಲ್ಲಿಂದ 1939ರಲ್ಲಿ ಯುದ್ಧ ಶುರುವಾಗುವವರೆಗಿನ ಸವಾರರನ್ನೇ ಇಲ್ಲಿ ‘ಮೊದಲ ತಲೆಮಾರು’ ಎಂದು ಕರೆದಿದೆ.

ಎಲ್ಲಿಂದ ಶುರು ಮಾಡಬೇಕು

ಕಂಡದ್ದೆಲ್ಲ ಕೊಂಡರೆ ಎರಡೇ ವರ್ಷದಲ್ಲಿ ಮನೆ ತುಂಬುತ್ತದೆ, ತಲೆ ಖಾಲಿಯಾಗುತ್ತದೆ. ಒಬ್ಬ ಸವಾರ, ಒಂದು ಟ್ರ್ಯಾಕು ಅಥವಾ ಒಂದು ವರ್ಷ, ಈ ಮೂರರಲ್ಲಿ ಒಂದನ್ನು ಹಿಡಿಯಿರಿ. ಕರ್ನಾಟಕದಲ್ಲಿ ಕೂತು ಅಂಚೆಯಲ್ಲಿ ತರಿಸುವವರಿಗೆ ಕಾಗದದ ವಸ್ತುಗಳೇ ವಾಸಿ. ಇಂಜಿನ್ನು, ತೊಗಲಿನ ಉಡುಪು, ಎಡಗಾಲಿನ ಬೂಟಿಗೆ ತೊಡಿಸುತ್ತಿದ್ದ ಉಕ್ಕಿನ ಅಟ್ಟೆ ಇವೆಲ್ಲ ತೂಕದ ವ್ಯವಹಾರ. ಸಾಗಣೆ ಖರ್ಚು ವಸ್ತುವಿನ ಬೆಲೆಯನ್ನೇ ಮೀರೀತು.

ಮೊದಲ ಖರೀದಿ ಸಿಗರೇಟು ಕಾರ್ಡುಗಳಾಗಲಿ, ಅಂದರೆ ಸಿಗರೇಟು ಪ್ಯಾಕಿನೊಳಗೆ ಬರುತ್ತಿದ್ದ ಚಿತ್ರದ ಕಾರ್ಡುಗಳು. ಆಗ್ಡೆನ್ಸ್ ಕಂಪನಿ 1929ರಲ್ಲಿ ಡರ್ಟ್ ಟ್ರ್ಯಾಕ್ (ಈ ಆಟಕ್ಕೆ ಆಗಿದ್ದ ಹೆಸರು) ಸವಾರರ 25 ಕಾರ್ಡುಗಳ ಸೆಟ್ ತಂದಿತು. ಪ್ಲೇಯರ್ಸ್ ಕಂಪನಿಯ 50 ಕಾರ್ಡುಗಳ ಸೆಟ್ 1937ರದ್ದು. ಎರಡನೆಯದು ಈಗಲೂ ಸುಲಭವಾಗಿ ಸಿಗುತ್ತದೆ. ಮುಖಗಳೂ ಹೆಸರುಗಳೂ ಪರಿಚಯವಾಗಲು ಅದಕ್ಕಿಂತ ಒಳ್ಳೆಯ ಪಾಠಪುಸ್ತಕ ಇಲ್ಲ. ಕಾರ್ಡಿನ ಅಳತೆ ಸುಮಾರು 68 ಮಿ.ಮೀ. ಉದ್ದ, 36 ಮಿ.ಮೀ. ಅಗಲ. ಸ್ಕೇಲ್ ಹಿಡಿದು ಅಳೆಯಿರಿ. ಒಂದು ಮಿಲಿಮೀಟರ್ ಕಡಿಮೆ ಬಂದು ಅಂಚು ಮಾತ್ರ ಚೂಪಾಗಿ ಹೊಸದರಂತಿದ್ದರೆ, ಸವೆದ ಮೂಲೆ ಮುಚ್ಚಲು ಯಾರೋ ಕತ್ತರಿಸಿದ್ದಾರೆ. ಆಲ್ಬಮ್ಮಿಗೆ ಅಂಟಿಸಿದ ಕಾರ್ಡನ್ನು ನೀರಿನಲ್ಲಿ ನೆನೆಸಿ ಬಿಡಿಸಬಹುದು ಎಂಬ ಸಲಹೆ ಎಲ್ಲೆಡೆ ಸಿಗುತ್ತದೆ. ಕಿವಿಗೆ ಹಾಕಿಕೊಳ್ಳಬೇಡಿ, ಬಣ್ಣ ಕದಡುತ್ತದೆ. ಆಲ್ಬಮ್ ಸಮೇತ ಇಟ್ಟುಕೊಳ್ಳಿ.

ಇಸವಿ ಇಲ್ಲದ ಪ್ರೋಗ್ರಾಮಿಗೆ ಇಸವಿ ಹುಡುಕುವುದು

ಆ ಕಾಲದ ಎಷ್ಟೋ ಪ್ರೋಗ್ರಾಮುಗಳಲ್ಲಿ ವಾರ ಇರುತ್ತದೆ, ತಾರೀಖು ಇರುತ್ತದೆ, ಇಸವಿ ಮಾತ್ರ ಇರುವುದಿಲ್ಲ. ಮುಂದಿನ ವಾರಕ್ಕೆ ಬಿಸಾಡುವ ಕಾಗದಕ್ಕೆ ಇಸವಿ ಯಾಕೆ ಎಂದುಕೊಂಡಿರಬೇಕು. ವಾರವೂ ತಾರೀಖೂ ಒಟ್ಟಿಗೆ ಇದ್ದರೆ ಅರ್ಧ ಕೆಲಸ ಮುಗಿದಂತೆ.

ಒಂದು ಉದಾಹರಣೆ ನೋಡಿ. ಲಂಡನ್ನಿನ ವೆಂಬ್ಲಿ ಕ್ರೀಡಾಂಗಣದ ಪ್ರೋಗ್ರಾಮ್, ‘ಗುರುವಾರ, ಸೆಪ್ಟೆಂಬರ್ 10’ ಎಂದಷ್ಟೇ ಇದೆ. ಶಾಶ್ವತ ಕ್ಯಾಲೆಂಡರ್ ತೆರೆದರೆ ಸೆಪ್ಟೆಂಬರ್ 10 ಗುರುವಾರ ಬಿದ್ದದ್ದು 1925, 1931, 1936 ಮತ್ತು 1942ರಲ್ಲಿ. 1925ರಲ್ಲಿ ಇಂಗ್ಲೆಂಡಿನಲ್ಲಿ ಈ ಆಟವೇ ಇರಲಿಲ್ಲ, 1942 ಯುದ್ಧದ ನಡುವಿನ ವರ್ಷ. ಉಳಿದವು 1931 ಮತ್ತು 1936. ಈಗ ಒಳಪುಟ ನೋಡಿ. ಎರಡು ತಂಡಗಳ ಪಂದ್ಯವಾಗಿದ್ದರೆ 1931ರ ಕಡೆ ಹುಡುಕಿ. ಹದಿನಾರು ಮಂದಿ ಬಿಡಿ ಸವಾರರು, ತಲಾ ಐದು ಓಟ, ಒಟ್ಟು 20 ಹೀಟ್ (ನಾಲ್ವರ ಒಂದು ಓಟಕ್ಕೆ ಒಂದು ಹೀಟ್) ಇದ್ದರೆ ನಿಮ್ಮ ಕೈಯಲ್ಲಿರುವುದು ಮೊಟ್ಟಮೊದಲ ವಿಶ್ವ ಚಾಂಪಿಯನ್‌ಷಿಪ್ ಫೈನಲ್. ಸದ್ದಿಲ್ಲದೆ ಕವರಿನೊಳಗೆ ಇಟ್ಟು, ಕೈ ತೊಳೆದುಕೊಂಡು ಬನ್ನಿ.

ಪೆನ್ಸಿಲ್ ಲೆಕ್ಕವನ್ನು ಪರೀಕ್ಷಿಸುವುದೂ ಇಲ್ಲೇ. ಒಂದು ಹೀಟಿಗೆ 3+2+1, ಅಂದರೆ 6 ಅಂಕ. 20 ಹೀಟಿಗೆ 120. ಬಿದ್ದವರು, ಇಂಜಿನ್ ಕೆಟ್ಟವರು ಇದ್ದರೆ ಮೊತ್ತ ಇಳಿಯಬಹುದು, 120 ಮೀರುವಂತಿಲ್ಲ. ಮೀರಿದರೆ ಬರೆದವರು ಎಲ್ಲೋ ಎಡವಿದ್ದಾರೆ, ಇಲ್ಲವೇ ಆಮೇಲೆ ಯಾರೋ ಊಹಿಸಿ ತುಂಬಿದ್ದಾರೆ. 1936ರ ಫೈನಲ್ಲಿನಲ್ಲಿ ಇನ್ನೊಂದು ಗುರುತು ಇದೆ. ಆಸ್ಟ್ರೇಲಿಯಾದ ಬ್ಲೂಯಿ ವಿಲ್ಕಿನ್ಸನ್ ಆ ರಾತ್ರಿ ಐದಕ್ಕೆ ಐದು ಓಟ ಗೆದ್ದರು, ಅವರ ಸಾಲಿನಲ್ಲಿ ಐದು 3 ಇರಲೇಬೇಕು. ಆದರೂ ಸಿಕ್ಕಿದ್ದು ಮೂರನೇ ಸ್ಥಾನ. ಹಿಂದಿನ ಸುತ್ತುಗಳ ಬೋನಸ್ ಅಂಕ ಸೇರಿಸುವ ಪದ್ಧತಿ ಇತ್ತು. ವಿಲ್ಕಿನ್ಸನ್‌ಗೆ 15 ಮತ್ತು 10 ಸೇರಿ 25, ಲಯನಲ್ ವ್ಯಾನ್ ಪ್ರಾಗ್‌ಗೆ 14 ಮತ್ತು 12, ಎರಿಕ್ ಲ್ಯಾಂಗ್ಟನ್‌ಗೆ 13 ಮತ್ತು 13. 26ರಲ್ಲಿ ಸಮನಾದ ಇಬ್ಬರ ನಡುವೆ ಮತ್ತೊಂದು ಓಟ ನಡೆದು ವ್ಯಾನ್ ಪ್ರಾಗ್ ಗೆದ್ದರು. ಒಂದೂ ಸೋಲದೆ ಮೂರನೆಯವರಾದ ವಿಲ್ಕಿನ್ಸನ್‌ರ ಕಥೆ ದಾಖಲೆ ಪುಸ್ತಕದ ‘3ನೇ ಸ್ಥಾನ’ದಲ್ಲಿ ಕಾಣುವುದಿಲ್ಲ, ಪೆನ್ಸಿಲ್ ಸಾಲಿನಲ್ಲಿ ಎದ್ದು ಕಾಣುತ್ತದೆ. 1938ರಲ್ಲಿ ಅವರೂ ಚಾಂಪಿಯನ್ ಆದರು.

ಫೋಟೋ ಓದುವುದು

ಹೆಸರಿಲ್ಲದ ಫೋಟೋಗೆ ಮೊದಲು ಬೈಕ್ ನೋಡಿ, ಮುಖ ಆಮೇಲೆ. ಇಂಜಿನ್ನಿನ ಎರಡು ಸಿಲಿಂಡರ್ ಹಿಂದೆ ಮುಂದೆ ಮಲಗಿದಂತಿದ್ದು ಬೈಕ್ ಉದ್ದವಾಗಿ ಕಂಡರೆ ಅದು ಡಗ್ಲಸ್. 1928, 1929ರ ರಾಜ ಅದೇ. ನೆಟ್ಟಗೆ ನಿಂತ ಒಂಟಿ ಸಿಲಿಂಡರ್ ಆದರೆ ರಡ್ಜ್ ಅಥವಾ ಜಾಪ್. ಜಾಪ್ ಇಂಜಿನ್ ಬಂದದ್ದು 1930ರ ಸುಮಾರಿಗೆ, ಆಮೇಲೆ ಕೆಲವೇ ವರ್ಷಗಳಲ್ಲಿ ಮಿಕ್ಕವನ್ನೆಲ್ಲ ಬದಿಗೊತ್ತಿತು. ಸವಾರನ ಎಡಗಾಲು ಹಿಂದಕ್ಕೆ ಚಾಚಿ ನೆಲಕ್ಕೆ ಎಳೆದಾಡುತ್ತಿದ್ದರೆ ಅದು ಹಳೆಯ ಶೈಲಿ. ಓಟದ ಆರಂಭದಲ್ಲಿ ಅಡ್ಡ ಟೇಪು ಕಂಡರೆ 1933 ಅಥವಾ ಅದರ ನಂತರದ್ದು ಎಂದು ಹಿಡಿಯಬಹುದು. ಅದಕ್ಕೆ ಮೊದಲು ಬೈಕುಗಳು ಚಲಿಸುತ್ತಲೇ ಗೆರೆ ದಾಟುತ್ತಿದ್ದವು.

ಆಮೇಲೆ ಎದೆಯ ಮೇಲಿನ ತಂಡದ ಗುರುತು. ಸುತ್ತಿಗೆಗಳಿದ್ದರೆ ವೆಸ್ಟ್ ಹ್ಯಾಮ್, ಸಿಂಹವಿದ್ದರೆ ವೆಂಬ್ಲಿ, ಇಸ್ಪೀಟಿನ ಎಕ್ಕ ಇದ್ದರೆ ಮ್ಯಾಂಚೆಸ್ಟರಿನ ಬೆಲ್ ವ್ಯೂ. ಟಾಮ್ ಫಾರ್ನ್‌ಡನ್‌ರ ವಿಚಾರದಲ್ಲಿ ಇದು ತುಂಬ ನೆರವಿಗೆ ಬರುತ್ತದೆ. ಈ ಸವಾರ ಇದ್ದ ಕ್ರಿಸ್ಟಲ್ ಪ್ಯಾಲೇಸ್ ತಂಡ 1934ರಲ್ಲಿ ನ್ಯೂ ಕ್ರಾಸ್‌ಗೆ ಸ್ಥಳಾಂತರವಾಯಿತು. ಅಲ್ಲಿಯ ಟ್ರ್ಯಾಕಿನಲ್ಲೇ ಬಿದ್ದು ಫಾರ್ನ್‌ಡನ್ 1935ರ ಆಗಸ್ಟ್ ಕೊನೆಯಲ್ಲಿ ತೀರಿಕೊಂಡರು. ಹಾಗಾಗಿ ನ್ಯೂ ಕ್ರಾಸ್ ಉಡುಪಿನ ಫಾರ್ನ್‌ಡನ್ ಫೋಟೋ ಅಂದರೆ 1934 ಇಲ್ಲವೇ 1935, ಬೇರೆ ದಾರಿಯೇ ಇಲ್ಲ. ಬ್ರಿಟನ್ನಿನ ಟ್ರ್ಯಾಕಿನಲ್ಲಿ ಫೇ ಟೇಲರ್, ಈವಾ ಆಸ್ಕ್ವಿತ್ ಪಂದ್ಯ ಓಡಿಸುತ್ತಿರುವ ಫೋಟೋ ಸಿಕ್ಕರೂ ಹೀಗೆಯೇ. ಗಂಡಸರನ್ನು ಸೋಲಿಸುತ್ತಿದ್ದ ಹೆಂಗಸರನ್ನು ಅಲ್ಲಿ 1930ರಲ್ಲಿ ನಿಷೇಧಿಸಲಾಯಿತು, ಆದ್ದರಿಂದ ಹುಡುಕಬೇಕಾದ ಅವಧಿ ಎರಡು ಮೂರು ಸೀಸನ್ ಮಾತ್ರ. ಅವರ ವಸ್ತುಗಳು ವಿರಳವಾಗಿರುವುದಕ್ಕೂ ಅದೇ ಕಾರಣ. ಸಿಕ್ಕರೆ ಬಿಡಬೇಡಿ.

ಹೆಸರು ಸಿಕ್ಕ ಮೇಲೆ ಪತ್ರಿಕೆ ತಿರುವಿ. ಆಸ್ಟ್ರೇಲಿಯಾದ ರಾಷ್ಟ್ರೀಯ ಗ್ರಂಥಾಲಯದ ಟ್ರೋವ್, ನ್ಯೂಜಿಲೆಂಡಿನ ಪೇಪರ್ಸ್ ಪಾಸ್ಟ್ ಎರಡರಲ್ಲೂ ಆ ಕಾಲದ ಪತ್ರಿಕೆಗಳು ಉಚಿತ. ಇಂಗ್ಲೆಂಡಿನಲ್ಲಿ ಚಳಿಗಾಲ ಬಂದರೆ ವ್ಯಾನ್ ಪ್ರಾಗ್, ವಿಲ್ಕಿನ್ಸನ್, ವಿಕ್ ಹಕ್ಸ್ಲಿಯಂಥವರು ತಾಯ್ನಾಡಾದ ಆಸ್ಟ್ರೇಲಿಯಾದ ಬೇಸಿಗೆಯಲ್ಲಿ ಓಡಿಸುತ್ತಿದ್ದರು. ನವೆಂಬರಿನಿಂದ ಮಾರ್ಚಿನವರೆಗಿನ ಫೋಟೋಗಳಿಗೆ ಲಂಡನ್ನಿನ ಪತ್ರಿಕೆ ತಡಕಿ ಸುಸ್ತಾಗುವವರು ಇದನ್ನು ಮರೆತಿರುತ್ತಾರೆ.

ನಕಲಿಯನ್ನು ಹಿಡಿಯುವುದು

ಬೇಕಾದ ಸಾಮಾನು ಮೂರು: 10 ಪಟ್ಟು ದೊಡ್ಡದು ಮಾಡುವ ಅಕ್ಕಸಾಲಿಗರ ಲೂಪ್, 365 ನ್ಯಾನೊಮೀಟರಿನ ಅಲ್ಟ್ರಾವಯೊಲೆಟ್ ಟಾರ್ಚ್, ಸ್ಟೀಲ್ ಸ್ಕೇಲು. ಕತ್ತಲೆ ಕೋಣೆಯಲ್ಲಿ ಕಾಗದದ ಮೇಲೆ ಟಾರ್ಚ್ ಬಿಡಿ. ತೊಳೆದ ಬಿಳಿ ಅಂಗಿಯಂತೆ ನೀಲಿಯಾಗಿ ಹೊಳೆದರೆ ಆ ಕಾಗದದಲ್ಲಿ ಬಿಳುಪುಕಾರಕ ಇದೆ, ಅದು ಎರಡನೇ ಮಹಾಯುದ್ಧದ ನಂತರದ ಸರಕು. 1929ರ ಪ್ರೋಗ್ರಾಮ್ ಹಾಗೆ ಹೊಳೆಯಬಾರದು. ಲೂಪಿನಲ್ಲಿ ಫೋಟೋ ನೋಡಿದಾಗ ಚುಕ್ಕೆ ಚುಕ್ಕೆಯಾಗಿ ಕಂಡರೆ ಅದು ಅಚ್ಚಾದದ್ದು, ಡಾರ್ಕ್‌ರೂಮಿನಲ್ಲಿ ತೊಳೆದ ಪ್ರಿಂಟ್ ಅಲ್ಲ.

ಹಸ್ತಾಕ್ಷರಕ್ಕೆ ಒಂದು ಸುಲಭ ಪರೀಕ್ಷೆ ಇದೆ. ಬಾಲ್‌ಪೆನ್ ಬ್ರಿಟನ್ನಿನ ಅಂಗಡಿಗಳಿಗೆ ಬಂದದ್ದು 1945ರ ಯುದ್ಧ ಮುಗಿದ ಮೇಲೆ. ಫಾರ್ನ್‌ಡನ್ ಹೋದದ್ದು 1935ರಲ್ಲಿ, ವಿಲ್ಕಿನ್ಸನ್ 1940ರಲ್ಲಿ. ಇವರಿಬ್ಬರ ರುಜು ಬಾಲ್‌ಪೆನ್ನಿನಲ್ಲಿದ್ದರೆ ಮಾರುವವರ ಜೊತೆ ವಾದಕ್ಕಿಳಿಯದೆ ಎದ್ದು ಬನ್ನಿ. ಶಾಯಿಯ ರುಜುವಾದರೆ ಗೆರೆಗಳು ಒಂದನ್ನೊಂದು ದಾಟುವ ಕಡೆ ಲೂಪ್ ಹಿಡಿಯಿರಿ. ಶಾಯಿ ದಪ್ಪವಾಗಿ ನಿಂತಿರಬೇಕು. ಎಲ್ಲೆಡೆ ಒಂದೇ ಹದದ ಬಣ್ಣ ಇದ್ದರೆ ಅಚ್ಚಿನ ರುಜು.

ಅಭಿಮಾನಿಗಳ ಎನಾಮಲ್ ಬ್ಯಾಡ್ಜಿಗೆ ಪ್ರತಿ ಸೀಸನ್ನಿನ ಇಸವಿಯ ಪುಟ್ಟ ಪಟ್ಟಿಯನ್ನು ಕೆಳಗೆ ತೂಗುಹಾಕುವ ರೂಢಿ ಇತ್ತು. ಪಟ್ಟಿ ಬದಲಿಸುವುದು ಸಣ್ಣ ಇಕ್ಕಳದ ಕೆಲಸ. ನ್ಯೂ ಕ್ರಾಸ್ ತಂಡದ ಬ್ಯಾಡ್ಜಿಗೆ 1932ರ ಪಟ್ಟಿ ತೂಗುತ್ತಿದ್ದರೆ ಯಾರೋ ಜೋಡಿಸಿದ್ದು, ಆ ತಂಡವೇ ಆಗ ಇರಲಿಲ್ಲ. ಹಿಂಭಾಗದಲ್ಲಿ ತಯಾರಕರ ಮುದ್ರೆ ಹುಡುಕಿ: ಡಬ್ಲ್ಯು.ಓ. ಲೂಯಿಸ್, ಡಬ್ಲ್ಯು. ರೀವ್ಸ್, ಫಟೋರಿನಿ ಮುಂತಾದವು. ಹಳೆಯ ಎನಾಮಲ್ ಗಾಜಿನಂತೆ ಗಟ್ಟಿ, ಬಿರುಕು ಬಿಟ್ಟರೂ ಗಾಜಿನಂತೆಯೇ ಬಿಡುತ್ತದೆ. ಉಗುರಿಗೆ ಮೆತ್ತಗೆ ಸಿಗುವ, ಪ್ಲಾಸ್ಟಿಕ್ಕಿನಂತೆ ಉಬ್ಬಿದ ಹೊಳಪು ಇತ್ತೀಚಿನದು.

ಕೊಳ್ಳುವ ಮೊದಲು ಮಾರುವವರಿಂದ ನಾಲ್ಕು ಚಿತ್ರ ಕೇಳಿ: ಮುಂಭಾಗ, ಹಿಂಭಾಗ, ನಡುಪುಟದ ಸ್ಟೇಪಲ್ ಪಿನ್ನು, ಅಂಕದ ಪುಟ. ಹಿಂಭಾಗ ತೋರಿಸಲು ಹಿಂಜರಿದರೆ ಕಾರಣ ಹಿಂಭಾಗದಲ್ಲೇ ಇರುತ್ತದೆ. ಎರಡೂ ಕಡೆ ಗಟ್ಟಿ ರಟ್ಟಿಟ್ಟು, ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಕಳಿಸಲು ಹೇಳಿ. ರಸೀದಿ ಪಾರ್ಸೆಲ್ಲಿನ ಹೊರಗೇ ಇರಲಿ, ಇಲ್ಲದಿದ್ದರೆ ಕಸ್ಟಮ್ಸಿನವರು ತಮಗೆ ತೋಚಿದ ಬೆಲೆ ಕಟ್ಟುತ್ತಾರೆ.

ನಮ್ಮ ಹವೆಯಲ್ಲಿ ಉಳಿಸುವುದು

ತಂಪು ದೇಶದಲ್ಲಿ ತೊಂಬತ್ತು ವರ್ಷ ಬಾಳಿದ ಕಾಗದ ಮಂಗಳೂರಿನ ಒಂದೇ ಮಳೆಗಾಲಕ್ಕೆ ಬೂಸ್ಟು ಹಿಡಿದೀತು. ಡಬ್ಬದೊಳಗಿನ ತೇವ ಶೇ. 45ರಿಂದ 55ರ ನಡುವೆ ಇರಲಿ. ಮುಚ್ಚಳ ಬಿಗಿಯಾಗಿ ಕೂರುವ 20 ಲೀಟರ್ ಡಬ್ಬಕ್ಕೆ 100 ಗ್ರಾಂ ಸಿಲಿಕಾ ಜೆಲ್ ಹಾಕಿ, ಪುಟ್ಟ ಹೈಗ್ರೋಮೀಟರ್ ಇಡಿ. ಜೆಲ್ಲಿನ ಬಣ್ಣ ತಿರುಗಿದಾಗ 110 ಡಿಗ್ರಿಯ ಓವನ್ನಿನಲ್ಲಿ ಎರಡು ಮೂರು ಗಂಟೆ ಒಣಗಿಸಿ ಮತ್ತೆ ಬಳಸಿ. ಡಬ್ಬ ಹೊರಗೋಡೆಗೆ ತಾಗಬಾರದು, ಅಟ್ಟಕ್ಕಂತೂ ಹೋಗಲೇಬಾರದು. ಬೇವಿನ ಎಲೆ, ನುಸಿಗುಳಿಗೆ ಎರಡೂ ಕಾಗದದ ಪಕ್ಕ ಬೇಡ. ಎಲೆ ಕಲೆ ಬಿಡುತ್ತದೆ, ಗುಳಿಗೆಯ ಆವಿ ಪ್ಲಾಸ್ಟಿಕ್ ಕವರನ್ನು ಮೆತ್ತಗೆ ಮಾಡುತ್ತದೆ.

ಕವರು ಪಾಲಿಯೆಸ್ಟರ್ ಅಥವಾ ಪಾಲಿಪ್ರೊಪಿಲೀನ್ ಇರಲಿ. ಹೊಸ ರೆಯಿನ್‌ಕೋಟಿನಂತೆ ವಾಸನೆ ಬರುವ ಪಿವಿಸಿ ಕವರು ಕೆಲವು ವರ್ಷದಲ್ಲಿ ಅಂಟಂಟಾಗಿ ಅಚ್ಚಿನ ಮಸಿಯನ್ನೇ ಎತ್ತಿಕೊಳ್ಳುತ್ತದೆ. ಲ್ಯಾಮಿನೇಷನ್ ಮಾಡಿಸಿದರೆ ಮುಗಿಯಿತು, ವಾಪಸು ಬರುವ ದಾರಿ ಇಲ್ಲ.

ತುಕ್ಕು ಹಿಡಿದ ಸ್ಟೇಪಲ್ ಪಿನ್ನು ಕಾಗದವನ್ನು ತಿನ್ನುತ್ತದೆ, ತೆಗೆಯಲೇಬೇಕು. ಪಿನ್ ರಿಮೂವರ್ ಮುಟ್ಟಬೇಡಿ. ನಡುಪುಟ ತೆರೆದು ಪಿನ್ನಿನ ಕಾಲಿನಡಿ ತೆಳು ಪ್ಲಾಸ್ಟಿಕ್ ಪಟ್ಟಿ ತೂರಿಸಿ, ಮೊಂಡು ಚಾಕುವಿನಿಂದ ಒಂದೊಂದೇ ಕಾಲು ನೆಟ್ಟಗೆ ಮಾಡಿ, ಬೆನ್ನಿನ ಕಡೆಯಿಂದ ಮೆಲ್ಲಗೆ ಎತ್ತಿ. ತುಕ್ಕಿನ ಪುಡಿಯನ್ನು ಮೆತ್ತನೆ ಬ್ರಷ್ಷಿನಿಂದ ಹೊರಕ್ಕೆ ತಳ್ಳಿ, ಬೆರಳಿನಿಂದ ಒರೆಸಿದರೆ ಕೆಂಪು ಗೀರು ಉಳಿಯುತ್ತದೆ. ಅದೇ ತೂತುಗಳಲ್ಲಿ ಹತ್ತಿ ದಾರ ಪೋಣಿಸಿ ಸಡಿಲವಾಗಿ ಗಂಟು ಹಾಕಿ.

ಹಳದಿಯಾಗಿ, ಪಾರದರ್ಶಕವಾಗಿ ಕಾಣುವ ಎಣ್ಣೆ ಕಲೆ ಇದ್ದರೆ ಅದು ಬಹುಶಃ ಹರಳೆಣ್ಣೆ. ಆ ಬೈಕುಗಳ ಇಂಜಿನ್ನಿಗೆ ಹಾಕುತ್ತಿದ್ದದ್ದು ಅದನ್ನೇ. ನಮ್ಮ ಅಜ್ಜಿಯರು ಮಕ್ಕಳ ಮೂಗು ಹಿಡಿದು ಕುಡಿಸುತ್ತಿದ್ದ ಎಣ್ಣೆ ಸುಟ್ಟ ಘಾಟನ್ನು ಸ್ಪೀಡ್‌ವೇ ಅಭಿಮಾನಿಗಳು ಪರಿಮಳ ಎನ್ನುತ್ತಾರೆ! ಪೆಟ್ರೋಲು, ಥಿನ್ನರ್ ಹಚ್ಚಿ ತೆಗೆಯಲು ಹೋಗಬೇಡಿ, ಕಲೆ ಹರಡುತ್ತದೆ. ಪಕ್ಕದ ಪುಟಕ್ಕೆ ಹತ್ತದಂತೆ ನಡುವೆ ಆಮ್ಲರಹಿತ ಕಾಗದ ಇಟ್ಟರೆ ಸಾಕು.

ಹೆಸರು ಬರೆದಿಡುವುದು

ಲಂಡನ್ನಿನ ಕಸ್ಟಮ್ ಹೌಸ್ ಪ್ರದೇಶದಲ್ಲಿ ವೆಸ್ಟ್ ಹ್ಯಾಮ್ ಟ್ರ್ಯಾಕು ಇದ್ದ ಜಾಗದಲ್ಲಿ ಈಗ ಮನೆಗಳಿವೆ. ಬೀದಿಗಳಿಗೆ ಹಾಸ್ಕಿನ್ಸ್, ವಿಲ್ಕಿನ್ಸನ್, ಯಂಗ್, ಅಟ್ಕಿನ್ಸನ್ ಎಂದು ಅದೇ ಆಟದವರ ಹೆಸರು. ಅಲ್ಲಿ ನೆಲೆಸಿರುವ ಕನ್ನಡಿಗರು ಒಂದು ಭಾನುವಾರ ನಡೆದು ಬಂದು ಬೀದಿ ಫಲಕಗಳ ಫೋಟೋ ತೆಗೆದರೆ, ಪ್ರೋಗ್ರಾಮಿನ ಪಕ್ಕದಲ್ಲಿಡಲು ತಕ್ಕ ಜೊತೆ.

ಮನೆಯ ಸಂಗ್ರಹಕ್ಕೂ ಅಂಥ ಫಲಕ ಬೇಕು. ಪ್ರತಿ ವಸ್ತುವಿಗೆ ಒಂದು ಸಂಖ್ಯೆ, ಒಂದು ಸಾಲು: ‘ಪ್ರೋ 14. ವೆಂಬ್ಲಿ, 10-9-1936, ಗುರುವಾರ. ಅಂಕ ಪೆನ್ಸಿಲ್ಲಿನಲ್ಲಿ ಪೂರ್ತಿ. ಹಿಂಪುಟ ಹರಿದಿದೆ. ಇಸವಿ ಗೊತ್ತಾದದ್ದು ವಾರ, ತಾರೀಖು ಮತ್ತು ಹೀಟ್ ಪಟ್ಟಿಯಿಂದ.’ ಕೊನೆಯ ವಾಕ್ಯವನ್ನು ಬಿಡಬೇಡಿ. ಹೇಗೆ ಗೊತ್ತಾಯಿತು ಎಂದು ಬರೆಯದ ಇಸವಿಯನ್ನು ಮುಂದಿನವರು ನಂಬುವಂತಿಲ್ಲ. ಪ್ರೋಗ್ರಾಮನ್ನು 300 ಡಿಪಿಐ, ಫೋಟೋವನ್ನು 600 ಡಿಪಿಐಯಲ್ಲಿ ಎರಡೂ ಬದಿ ಸ್ಕ್ಯಾನ್ ಮಾಡಿ. ಫೋಟೋದ ಬೆನ್ನಿನ ಏಜೆನ್ಸಿ ಮುದ್ರೆ ಎಷ್ಟೋ ಸಲ ಮುಂಭಾಗಕ್ಕಿಂತ ಹೆಚ್ಚು ಹೇಳುತ್ತದೆ. ಫೋಟೋ ನಿಮ್ಮದಾದರೂ ಅದರ ಹಕ್ಕು ತೆಗೆದವರದ್ದು. ಬ್ರಿಟನ್ನಿನಲ್ಲಿ ಛಾಯಾಗ್ರಾಹಕರು ತೀರಿಕೊಂಡ ಮೇಲೂ 70 ವರ್ಷ ಹಕ್ಕು ಉಳಿಯುತ್ತದೆ, ಅಚ್ಚು ಹಾಕಿಸುವ ಮೊದಲು ವಿಚಾರಿಸಿ.

ಹೆಸರು ಸಿಗದ ಸವಾರನಿಗೆ ಊಹೆಯ ಹೆಸರು ಅಂಟಿಸಬೇಡಿ. ಪಾಲಿಯೆಸ್ಟರ್ ಕವರಿನೊಳಗೆ ಒಂದು ಚೀಟಿ ಇಟ್ಟು, ಅದರ ಮೇಲೆ 2ಬಿ ಪೆನ್ಸಿಲ್ಲಿನಲ್ಲಿ ‘ಹೆಸರು ತಿಳಿಯದು, ಡಗ್ಲಸ್ ಬೈಕ್, ಎಡಗಾಲು ಹಿಂದೆ, ಟೇಪು ಇಲ್ಲ’ ಎಂದು ಕಂಡಷ್ಟನ್ನು ಬರೆಯಿರಿ.